ಕೂರಿಗೆಯ ನಾಲ್ಕನೇ ಸಾಲು

ಹೆಸರುಕಾಳು ಬಿತ್ತಿ ಎಂಟು ದಿನಕ್ಕೆ ಮೊದಲ ಫೋನು ಬಂತು. ಮಾತಾಡಿದವನು ಮುಂಡರಗಿ ಕಡೆಯ ರೈತ. ನಮ್ಮ ಕಾರ್ಖಾನೆಯ ಹೊಸ ಕೂರಿಗೆಯನ್ನು ಆ ಭಾಗದಲ್ಲಿ ಎಲ್ಲರಿಗಿಂತ ಮೊದಲು ಒಯ್ದವನು.

“ಮೇಡಮ್ಮಾರ, ಬೆಳಿ ಚೊಲೋ ಎದ್ದೈತ್ರಿ. ಆದ್ರ ನಡುವಿನ ಸಾಲ ಹುಟ್ಟಿಲ್ಲ. ಆ ಕಡೆ ಮೂರು, ಈ ಕಡೆ ಮೂರು, ನಡುವ ಬರೇ ಮಣ್ಣು. ನಮ್ಮ ಹೊಲ ರಸ್ತಾದ ಬಾಜೂಕ ಐತಿ. ಹೊಲಕ್ಕ ಬೈತಲಿ ತಗದೀಯೇನು ಅಂತ ಹೋಗೋರು ಬರೋರು ಕೇಳಾಕತ್ತಾರ್ರಿ.”

ಬೈತಲೆಯ ಮಾತಿಗೆ ನನಗೆ ನಗು ಬಂತು. ಅದೇ ವಾರ ಇನ್ನೂ ನಾಲ್ಕು ಫೋನು ಬಂದವು. ಲಕ್ಷ್ಮೇಶ್ವರದ ಕಡೆಯಿಂದ ಎರಡು, ಹಿರೇಹಂದಿಗೋಳದಿಂದ ಒಂದು, ಮತ್ತೆ ಮುಂಡರಗಿಯಿಂದ ಒಂದು. ಎಲ್ಲರದೂ ಒಂದೇ ಮಾತು: ಏಳು ಸಾಲಿನಲ್ಲಿ ನಾಲ್ಕನೆಯದು ಹುಟ್ಟಿಲ್ಲ. ಆಮೇಲೆ ನಗು ಬರಲಿಲ್ಲ.

ಗದಗ-ಬೆಟಗೇರಿಯ ಆ ಕಾರ್ಖಾನೆಯಲ್ಲಿ ನನ್ನ ಕೆಲಸ ತಪ್ಪು ಹಿಡಿಯುವುದಲ್ಲ. ತಪ್ಪು ಮಾಡಲು ಬಾರದ ಹಾಗೆ ವಸ್ತುವನ್ನೇ ರೂಪಿಸುವುದು. ಬಿಡಿಭಾಗವನ್ನು ತಿರುಗಾಮುರುಗಾ ಕೂಡಿಸುವ ಸಾಧ್ಯತೆ ಇದ್ದರೆ ಯಾರಾದರೂ ಒಂದು ದಿನ ಹಾಗೆ ಕೂಡಿಸಿಯೇ ಕೂಡಿಸುತ್ತಾರೆ. ಅದಕ್ಕೆ ಅದರ ಒಂದು ತುದಿಯನ್ನು ಚೌಕ, ಇನ್ನೊಂದನ್ನು ದುಂಡಗೆ ಮಾಡಿಬಿಟ್ಟರೆ, ಅರೆನಿದ್ದೆಯಲ್ಲಿದ್ದವನೂ ಸರಿಯಾಗಿಯೇ ಕೂಡಿಸುತ್ತಾನೆ. ಕೈಯನ್ನು ಬೈಯಬಾರದು, ವಸ್ತುವನ್ನು ತಿದ್ದಬೇಕು ಎಂದು ಬಂದವರಿಗೆಲ್ಲ ಭಾಷಣ ಮಾಡುತ್ತಿದ್ದೆ. ಕೆಲಸಗಾರರು ನನಗೆ ‘ತಪ್ಪಿನ ಮೇಡಮ್ಮಾರು’ ಎಂದು ಹೆಸರಿಟ್ಟಿದ್ದರು. ಆ ಹೆಸರಿನ ಮೇಲೆ ನನಗೆ ಒಳಗೊಳಗೇ ಜಂಬವೂ ಇತ್ತು.

ಕೂರಿಗೆ ಅಂದರೆ ಎತ್ತಿನದಲ್ಲ, ಟ್ರ್ಯಾಕ್ಟರಿಗೆ ಕಟ್ಟುವ ಕಬ್ಬಿಣದ್ದು. ಮೇಲೆ ಉದ್ದನೆಯ ಬೀಜದ ಪೆಟ್ಟಿಗೆ. ಅದರ ತಳದಲ್ಲಿ ಏಳು ಬಾಯಿ, ಒಂದೊಂದು ಬಾಯಿಯ ಕೆಳಗೆ ಒಂದೊಂದು ಹಲ್ಲಿನ ರೋಲರ್. ಗಾಲಿ ತಿರುಗಿದಂತೆ ರೋಲರ್ ತಿರುಗಿ, ಕಾಳು ಪೈಪಿನೊಳಗೆ ಇಳಿದು ಸಾಲಿಗೆ ಬೀಳುತ್ತದೆ. ಆ ಪೆಟ್ಟಿಗೆಯನ್ನೂ ರೋಲರುಗಳನ್ನೂ ಹೊಸದಾಗಿ ರೂಪಿಸಿದವಳು ನಾನೇ. ಅದಕ್ಕೇ ಮಾಲಕರು ನನ್ನನ್ನೇ ಕರೆದರು.

“ಹಿಂಗಾರಿ ಕಡ್ಲಿ ಬಿತ್ತೂದ್ರೊಳಗ ಇದು ಬಗೀಹರೀಬೇಕು. ಇಲ್ಲಾಂದ್ರ ಹಳೇ ಮಾಡೆಲ್ಲೇ ಸಾಕು. ಮತ್ತ ಇದು ಯಾರ ಕೈಯಿಂದ ಆಗೇತಿ ಅನ್ನೂದೂ ನನಗ ಗೊತ್ತಾಗಬೇಕು.”

ಯಾರ ಕೈ ಎಂಬ ಪ್ರಶ್ನೆಯನ್ನು ಅಲ್ಲೇ ತಳ್ಳಿಹಾಕಬೇಕಿತ್ತು. ನಾನು ತಲೆಯಾಡಿಸಿದೆ.

ಪರೀಕ್ಷೆ ಶುರುವಾಯಿತು. ಕೂರಿಗೆಯನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಏಳು ಪೈಪುಗಳಿಗೆ ಏಳು ಚೀಲ ಕಟ್ಟಿ, ಗಾಲಿಯನ್ನು ಕೈಯಿಂದ ತಿರುಗಿಸಿ, ಒಂದೊಂದು ಚೀಲಕ್ಕೆ ಬಿದ್ದ ಕಾಳನ್ನು ತೂಗುವುದು. ಹೆಸರು ಹಾಕಿದೆವು, ಗೋವಿನಜೋಳ ಹಾಕಿದೆವು, ಕಡಲೆ ಹಾಕಿದೆವು. ಒಂದು ಬದಿಗೆ ಹಲಗೆ ಕೊಟ್ಟು ಓರೆ ಮಾಡಿದೆವು. ಟ್ರ್ಯಾಕ್ಟರಿಗೆ ಕಟ್ಟಿ ಕಾರ್ಖಾನೆಯ ಮುಂದಿನ ಗುಂಡಿಬಿದ್ದ ರಸ್ತೆಯಲ್ಲಿ ಓಡಿಸಿದೆವು. ನಾಲ್ಕನೇ ಚೀಲ ಉಳಿದ ಆರರಷ್ಟೇ ತೂಗುತ್ತಿತ್ತು. ನಮ್ಮ ಮೆಕ್ಯಾನಿಕ್ಕುಗಳು ಐದೂ ರೈತರ ಮನೆಗೆ ಹೋಗಿ ಬಂದರು. ಪೆಟ್ಟಿಗೆ ಖಾಲಿ ಇತ್ತು, ಎಲ್ಲ ಸರಿಯಾಗಿತ್ತು ಎಂದರು. ರೈತರನ್ನು ಪೆಟ್ಟಿಗೆಗೆ ಏನು ಹಾಕಿದಿರಿ ಎಂದು ಕೇಳಿದರೆ, “ಬೀಜ ಹಾಕೇವ್ರಿ, ಮತ್ತೇನ್ ಹಾಕತಾರ್ರಿ?” ಎಂಬ ಉತ್ತರ. ಇನ್ನೊಂದು ವಿಚಿತ್ರ ಏನೆಂದರೆ ಸಾಲು ತಪ್ಪಿದ್ದು ಮೊದಲ ದಿನ, ಮೊದಲ ಹೊಲದಲ್ಲಿ ಮಾತ್ರ. ಎರಡನೇ ಹೊಲಕ್ಕೆ ಹೋದ ಕೂರಿಗೆ ಏನೂ ಆಗಿಲ್ಲವೆಂಬಂತೆ ಬಿತ್ತಿತ್ತು.

ಉಳಿದದ್ದು ಒಂದೇ ಸಂಶಯ. ಆರು ರೋಲರುಗಳು ಅವನ್ನು ತಿರುಗಿಸುವ ಶಾಫ್ಟಿನ ಚೌಕ ಭಾಗದ ಮೇಲೆ ತಾವಾಗಿಯೇ ಕೂರುತ್ತವೆ. ನಾಲ್ಕನೆಯದರ ಹತ್ತಿರ ಗಾಲಿಯ ಸರಪಳಿ ಬರುವುದರಿಂದ ಅಲ್ಲಿ ಶಾಫ್ಟು ದುಂಡಗಿದೆ. ಆ ರೋಲರನ್ನು ಒಂದು ಪಿನ್ನು ಬಡಿದು ಹಿಡಿಸಬೇಕು. ಪಿನ್ನು ಸಡಿಲವಿದ್ದರೆ ಶಾಫ್ಟು ತಿರುಗಿದರೂ ರೋಲರ್ ತಿರುಗದು, ಕಾಳು ಬೀಳದು. ಬಡಿಯುವವರು ಬೆಟಗೇರಿಯ ಹಿರಿಯ ಫಿಟ್ಟರ್. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಾರೆ. ಪಿನ್ನು ಪೂರ್ತಿ ಕೂತಿದೆಯೋ ಇಲ್ಲವೋ ಎಂಬುದನ್ನು ಅವರು ಸುತ್ತಿಗೆಯ ಸಪ್ಪಳದಿಂದಲೇ ತಿಳಿಯುತ್ತಿದ್ದರು. ಸಪ್ಪಳ ನನ್ನ ಪ್ರಕಾರ ಅಳತೆಯಲ್ಲ. ‘ನಾಲ್ಕನೇ ರೋಲರಿನ ಪಿನ್ನು ಒಮ್ಮೊಮ್ಮೆ ಅರ್ಧ ಕೂತು, ಹೊಲದ ಬಡಿತಕ್ಕೆ ಆಮೇಲೆ ಬಿಗಿಯಾಗಿರಬಹುದು’ ಎಂದು ವರದಿ ಬರೆದೆ. ಕಾರಣ ಸಿಗದಿದ್ದಾಗ ಈ ‘ಒಮ್ಮೊಮ್ಮೆ’ ಎಂಬ ಮಾತು ನಮ್ಮಂಥವರಿಗೆ ಬಹಳ ಉಪಕಾರಿ.

ಮಾಲಕರು ವರದಿ ಓದಿ ಮಿಸ್ತ್ರಿಯವರನ್ನು ಜೋಡಣೆಯಿಂದ ತೆಗೆದು ಬಣ್ಣ ಹಚ್ಚುವ ಕಡೆ ಹಾಕಿದರು. ಕಡಲೆ ಹಂಗಾಮು ಮುಗಿಯುವ ತನಕ ನೋಡೋಣ, ಆಮೇಲೂ ದೂರು ಬಂದರೆ ಮನೆಗೆ ಕಳಿಸೋಣ ಎಂದರು. ಮೊದಲೆಲ್ಲ ನನ್ನನ್ನು ಬಾಯ್ತುಂಬ ‘ಯವ್ವಾ’ ಎಂದು ಕರೆಯುತ್ತಿದ್ದ ಮಿಸ್ತ್ರಿ ಅಂದು ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು.

“ಮೇಡಮ್ಮಾರ, ನನ್ನ ಕೈ ಸುಳ್ಳ ಹೇಳಂಗಿಲ್ಲ. ಇಷ್ಟ ಹೇಳಾಕ ಬಂದೆ.”

ಅಷ್ಟೇ ಹೇಳಿ ಹೋದರು. ನನಗೆ ಕೆಟ್ಟದೆನಿಸಿತು, ಆದರೆ ವರದಿ ನನ್ನದು, ಹಿಂದೆಗೆಯಲು ಕಾರಣ ಬೇಕಲ್ಲ. ಪಿನ್ನು ಪೂರ್ತಿ ಕೂರದೆ ಮುಚ್ಚಿಕೊಳ್ಳದಂಥ ಒಂದು ತಗಡಿನ ಕವಚ ಮಾಡಿಸಿದೆ. ಇನ್ನು ಯಾರು ಬಡಿದರೂ ತಪ್ಪಾಗದು ಎಂದುಕೊಂಡು ನಿರಾಳವಾದೆ.

ಕವಚ ಹಾಕಿದ ಮೊದಲ ಕೂರಿಗೆ ಲಕ್ಷ್ಮೇಶ್ವರದ ಕಡೆ ಹೋಯಿತು. ವಾರ ಕಳೆದ ಮೇಲೆ ಅಲ್ಲಿಂದ ಫೋನು: “ನಡುವಿನ ಸಾಲ ಹುಟ್ಟಿಲ್ರಿ.”

ಆ ದಿನ ಊಟ ರುಚಿಸಲಿಲ್ಲ. ಕವಚದ ಮಾತು ಬಿಡಿ, ಆ ಪಿನ್ನನ್ನು ಬಡಿದವರು ಮಿಸ್ತ್ರಿಯೇ ಅಲ್ಲ, ಬೇರೆಯವರು. ನಾನು ಒಬ್ಬ ನಿರಪರಾಧಿಯ ಕೈಗೆ ಕಳಂಕ ಹಚ್ಚಿದ್ದೆ. ಮುಂದಿನ ಕೂರಿಗೆ ಕಾರ್ಖಾನೆಯ ಗೇಟು ದಾಟಿದಾಗಿನಿಂದ ಹೊಲದ ಕೊನೆಯ ಸಾಲಿನ ತನಕ ಅದರ ಮೇಲಿಂದ ಕಣ್ಣು ತೆಗೆಯಬಾರದು ಎಂದು ನಿರ್ಧರಿಸಿದೆ. ಬಣ್ಣದ ಕೈಯಲ್ಲಿ ನಿಂತಿದ್ದ ಮಿಸ್ತ್ರಿಯವರನ್ನು ನೀವೂ ಬರಬೇಕು ಎಂದೆ.

“ನಾ ಯಾಕ್ರಿ? ಅಲ್ಲೇನ್ ಬಣ್ಣಾ ಹಚ್ಚೂದೈತೇನು?” ಎಂದರು. ಆದರೂ ಬಂದರು.

ಆ ಕೂರಿಗೆ ಹೋಗಬೇಕಿದ್ದದ್ದು ಶಿರಹಟ್ಟಿ ತಾಲೂಕಿನ ಮಾಗಡಿ ಹತ್ತಿರದ ಒಂದು ಮನೆಗೆ, ಹಿಂಗಾರಿ ಜೋಳ ಬಿತ್ತಲು. ನಸುಕಿನಲ್ಲೇ ಟೆಂಪೋದಲ್ಲಿ ಹೊರಟೆವು. ಹಿಂದಿನ ದಿನ ನಾನು ಏಳೂ ಪೈಪುಗಳನ್ನು ಬಿಚ್ಚಿ, ಒಳಗಿನ ಕಾಳು ಕಾಣುವಂಥ ಪಾರದರ್ಶಕ ಪೈಪು ಹಾಕಿಸಿದ್ದೆ.

ಹೊತ್ತು ಹುಟ್ಟುವಾಗ ಅಂಗಳದಲ್ಲಿ ಕೂರಿಗೆ ಇಳಿಯಿತು. ಗಂಡಸರೆಲ್ಲ ಚಹಾಕ್ಕೆಂದು ಕಟ್ಟೆಗೆ ಹೋದರು, ಮಿಸ್ತ್ರಿಯವರೂ ಹೋದರು. ಕಣ್ಣು ತೆಗೆಯುವುದಿಲ್ಲವೆಂದು ಪಣ ತೊಟ್ಟ ನಾನೊಬ್ಬಳು ಅಲ್ಲೇ ನಿಂತೆ. ಆಗ ಮನೆಯ ಅಜ್ಜಿ, ಇಬ್ಬರು ಸೊಸೆಯಂದಿರು ಪೂಜೆಯ ಹರಿವಾಣ ಹಿಡಿದು ಹೊರಬಂದರು. ಕಬ್ಬಿಣಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಹಸಿರು ಖಣ ಹೊದಿಸಿದರು. ಅಜ್ಜಿ ನನ್ನ ಪ್ಯಾಂಟು, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ, ಕಾಲುಂಗುರ ಎಲ್ಲವನ್ನೂ ಒಮ್ಮೆ ನೋಡಿದರು.

“ಬಾರವಾ, ಕೂರಿಗಿ ಕಟ್ಟಿದಾಕಿ ನೀನ ಅಂತಲ್ಲ. ಮೊದಲ ಉಡಿ ನೀ ತುಂಬು.”

ಮದುವಣಗಿತ್ತಿಗೆ, ಬಸುರಿಗೆ, ತವರಿನಿಂದ ಹೊರಟ ಮಗಳಿಗೆ ಮಡಿಲಲ್ಲಿ ಉಡಿ ತುಂಬಿದ್ದನ್ನು ಕಂಡಿದ್ದೆ, ನನಗೂ ತುಂಬಿದ್ದಾರೆ. ಬೀಜ ಹೊರುವ ಕೂರಿಗೆಗೂ ತುಂಬುತ್ತಾರೆಂದು ಪೇಟೆಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ. ಅಜ್ಜಿ ಪೆಟ್ಟಿಗೆಯ ಮುಚ್ಚಳ ತೆರೆದು, “ಇಲ್ಲಿ, ನಡುವ ಹಾಕು” ಎಂದರು. ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು. ಬೊಗಸೆಯಲ್ಲಿ ತುಂಬಿ ಐದು ಸಲ ಹಾಕಿದೆ. ನಾನು ಕಾಗದದ ಮೇಲೆ ಗೆರೆ ಎಳೆದು ಹುಟ್ಟಿಸಿದ ಆ ಪೆಟ್ಟಿಗೆಗೆ ಯಾರೋ ಮಗಳ ಮರ್ಯಾದೆ ಕೊಡುತ್ತಿದ್ದಾರಲ್ಲ ಎಂದು ಅದರ ಅಂಚನ್ನು ಒಮ್ಮೆ ಸವರಿದೆ. ರೈತ ಬಂದು ಅದರ ಮೇಲೆಯೇ ಜೋಳ ಸುರಿದ. ಯಂತ್ರದ ಮೇಲೆ ಕಣ್ಣಿಟ್ಟಿದ್ದೆ ನಿಜ, ನನ್ನ ಕೈಯ ಮೇಲೆ ಇಟ್ಟಿರಲಿಲ್ಲ.

ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಬಗ್ಗಿಕೊಂಡೇ ನಡೆದೆ. ಮೊದಲ ಸುತ್ತು ಏಳೂ ಪೈಪಿನಲ್ಲಿ ಜೋಳ ಸುರಿಯುತ್ತಿತ್ತು. ಎರಡನೆಯದೂ ಸರಿ. ಮೂರನೇ ಸುತ್ತಿನ ನಡುವೆ ನಾಲ್ಕನೇ ಪೈಪು ಖಾಲಿಯಾಯಿತು. ಕೈಯೆತ್ತಿ ನಿಲ್ಲಿಸಿದೆ. ಮಿಸ್ತ್ರಿ ಕವಚ ತೆಗೆದು ನೋಡಿದರು. ಪಿನ್ನು ಗಟ್ಟಿ, ರೋಲರ್ ತಿರುಗುತ್ತಿದೆ, ಆದರೆ ಅದಕ್ಕೆ ಕಾಳೇ ಬರುತ್ತಿಲ್ಲ. ಪೆಟ್ಟಿಗೆಯ ಜೋಳವನ್ನು ಇಬ್ಬರೂ ಎರಡು ಬದಿಗೆ ಸರಿಸಿದೆವು. ತಳದಲ್ಲಿ, ನಾಲ್ಕನೇ ಬಾಯಿಯ ಮೇಲೆ, ಅಳತೆ ಕೊಟ್ಟು ಮಾಡಿಸಿದ ಬಿರಡೆಯ ಹಾಗೆ ಒಂದು ಇಡೀ ಅಡಿಕೆ ಕೂತಿತ್ತು.

ಕಾಳು ಬಾಯಿಯ ಕಡೆ ಜಾರಲಿ ಎಂದು ಪೆಟ್ಟಿಗೆಯ ತಳವನ್ನು ಇಳಿಜಾರು ಮಾಡಿದವಳು ನಾನು. ಅಡಿಕೆಯೂ ಜಾರಿತ್ತು. ನಡುವೆ ಹಾಕಿದ್ದು ನಡುವಿನ ಬಾಯಿಗೇ ಹೋಗಿತ್ತು.

ಮಿಸ್ತ್ರಿ ಅಡಿಕೆಯನ್ನು ತೆಗೆದು ಕಣ್ಣಿಗೊತ್ತಿಕೊಂಡರು. ಆಮೇಲೆ ಅಂಗೈ ಮೇಲಿಟ್ಟು ನನಗೆ ತೋರಿಸಿದರು.

“ಮೇಡಮ್ಮಾರ, ಇದು ನನ್ನ ಪಿನ್ನಂತೂ ಅಲ್ಲಲ್ಲರಿ?”

“ಅಲ್ಲ ಮಿಸ್ತ್ರಿ. ಅದು ನನ್ನ ಅಡಕಿ. ಈಗ ಮುಂಜಾನೆ ನಾನ ಹಾಕೇನಿ.”

ನನಗೆ ತಡೆಯಲಾಗದ ನಗು ಬಂತು, ಅಲ್ಲೇ ಎರೆಮಣ್ಣಿನ ಮೇಲೆ ಕೂತುಬಿಟ್ಟೆ. ನಗುವಿನ ಜೊತೆ ಅಳುವೂ ಬಂತು. ಮಿಸ್ತ್ರಿ ಮೊದಲು ನಗಲಿಲ್ಲ. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. “ಏಳಬೇ ಯವ್ವಾ, ಟ್ರ್ಯಾಕ್ಟರ್‌ನ್ಯಾಂವ ನೋಡಾಕತ್ತಾನ” ಎಂದು ಕೈಕೊಟ್ಟು ಎಬ್ಬಿಸಿದರು. ಎಷ್ಟೋ ವಾರಗಳ ಮೇಲೆ ಅವರು ನನ್ನನ್ನು ಹಾಗೆ ಕರೆದಿದ್ದರು.

ರೊಟ್ಟಿಬುತ್ತಿ ತಂದ ಅಜ್ಜಿಯ ಮುಖ ವಿಷಯ ಕೇಳಿ ಬಾಡಿತು.

“ದೇವರಿಗೆ ಹಾಕಿದ್ದು ತಪ್ಪಾತೇನವಾ?”

“ಇಲ್ಲಬೇ ಅಜ್ಜಿ. ತಪ್ಪು ಪೆಟ್ಟಿಗೀದು.”

“ಹಂಗಾರ ಎತ್ತಿನ ಕೂರಿಗ್ಯಾಗ ಯಾಕ ಹಿಂಗ ಆಗಲಿಲ್ಲ? ಅದಕ್ಕೂ ಉಡಿ ತುಂಬತಿದ್ವಿ.”

ಉತ್ತರವನ್ನೂ ಅಜ್ಜಿಯೇ ರೊಟ್ಟಿ ಮುರಿಯುತ್ತ ಹೇಳಿದರು. “ನಾನ ಬೀಜ ಬಿಡತಿದ್ದೆ ನೋಡು. ಮುಷ್ಟ್ಯಾಗ ಅಡಕಿ ಬಂದ್ರ ಕೈಗೆ ಗೊತ್ತಾಗತಿತ್ತು, ತಗದು ಸೆರಗಿಗೆ ಕಟ್ಟಿಕೊಂತಿದ್ದೆ.” ನಾವು ಯಂತ್ರ ಮಾಡುವಾಗ ಬೀಜ ಬಿಡುವ ಕೈಯನ್ನು ತೆಗೆದುಹಾಕಿದ್ದೆವು. ಆ ಕೈ ಬೀಜ ಬಿಡುವುದರ ಜೊತೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು ಎಂಬುದು ನಮ್ಮ ಯಾವ ನಕ್ಷೆಯಲ್ಲೂ ಇರಲಿಲ್ಲ.

ಹೊಲದ ಬದುವಿನಿಂದಲೇ ದೂರು ಕೊಟ್ಟವರಿಗೆಲ್ಲ ಫೋನು ಮಾಡಿದೆ. ಉಡಿ ತುಂಬಿದ್ದಿರೇನು ಎಂದರೆ, “ತುಂಬದ ಬಿಡ್ತೀವೇನ್ರಿ?” ಎಂದರು. ಯಾಕೆ ಹೇಳಲಿಲ್ಲ ಎಂದು ಮುಂಡರಗಿಯವನನ್ನು ಕೇಳಿದೆ. “ಅದು ಪೂಜಿ ಅಲ್ರಿ? ಸಂಜೀಕ ಪೆಟ್ಟಿಗಿ ಬರಿದು ಮಾಡಿದಾಗ ನಮ್ಮವ್ವ ಅಡಕಿ, ಕೊಬ್ಬರಿ ಎಲ್ಲಾ ಆರಿಸಿಕೊಂಡು ದೇವರ ಜಗಲಿ ಮ್ಯಾಲ ಇಟ್ಟಾಳ. ಅದರ ಮ್ಯಾಲ ಯಾರು ಸಂಶೇ ಪಡತಾರ್ರಿ?” ನಮ್ಮ ಮೆಕ್ಯಾನಿಕ್ಕುಗಳಿಗೆ ಪೆಟ್ಟಿಗೆ ಖಾಲಿ ಸಿಕ್ಕಿದ್ದೂ, ಎರಡನೇ ಹೊಲ ಸರಿಯಾಗಿದ್ದದ್ದೂ ಅದಕ್ಕೇ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರೂ ಸೇರುವಲ್ಲಿ ನಿಂತು ನನ್ನ ವರದಿ ತಪ್ಪು ಎಂದು ಹೇಳಿದೆ. ಮಿಸ್ತ್ರಿಯವರ ಪಿನ್ನು ಒಂದೂ ಸಡಿಲ ಇರಲಿಲ್ಲ, ಸಾಲು ತಪ್ಪಿಸಿದ್ದು ನಾನು ಮಾಡಿದ ಪೆಟ್ಟಿಗೆ ಎಂದೆ. ಹಿಂದೆ ಯಾರೋ “ತಪ್ಪಿನ ಮೇಡಮ್ಮಾರು ಖರೆ ಆದ್ರು” ಎಂದು ಮೆಲ್ಲಗೆ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಮಿಸ್ತ್ರಿಯವರು ಬಣ್ಣದ ಡಬ್ಬಿ ಕೆಳಗಿಟ್ಟು ತಮ್ಮ ಜಾಗಕ್ಕೆ ಹೋದರು. ಮಾಲಕರು ಮಾತ್ರ, ಒಂದು ಹೊಲದಾಗ ಏಳೂ ಸಾಲ ಹುಟ್ಟಿ ಕಾಣಲಿ, ಅಲ್ಲೀ ತನಕ ನಾ ಏನೂ ಅನ್ನಂಗಿಲ್ಲ ಎಂದರು.

ಅವರ ಪರಿಹಾರ ಸುಲಭದ್ದಾಗಿತ್ತು. “ಪೆಟ್ಟಿಗಿ ಮ್ಯಾಲ ಒಂದು ಚೀಟಿ ಅಂಟಸ್ರಿ. ಬೀಜ ಬಿಟ್ಟು ಏನೂ ಹಾಕಬಾರದು ಅಂತ.”

“ಸರ, ಹೊಸಾ ಮಷೀನ್ ಬಂದ್ರ ನೀವ ಮುಂದ ನಿಂತು ನಿಂಬಿಹಣ್ಣು ಕಟ್ಟಸ್ತೀರಿ. ಮಂದಿಗೆ ಪೂಜಿ ಮಾಡಬ್ಯಾಡ್ರಿ ಅಂತ ಯಾವ ಮಾರಿ ಹೊತ್ತು ಬರೀಲಿ? ಬರದ್ರೂ ಯಾರು ಕೇಳತಾರ?”

ಮಾಲಕರು ಗೋಡೆಗೆ ಕಟ್ಟಿಸಿದ್ದ ನಿಂಬೆಹಣ್ಣನ್ನು ನೋಡಿ, ಎಂಟು ದಿನ ಕೊಟ್ಟರು.

ಮೊದಲು ಬಾಯಿಗಳ ಮೇಲೆ ಪೆಟ್ಟಿಗೆಯುದ್ದಕ್ಕೂ ಜಾಳಿಗೆ ಹಾಕಿದೆವು. ಔಷಧದ ಪುಡಿ ಸವರಿದ ಕಡಲೆ ಅದಕ್ಕೆ ಮೆತ್ತಿಕೊಂಡು ಏಳೂ ಸಾಲು ಬಂದಾದವು. ಅದಕ್ಕಿಂತ ಅಡಿಕೆಯೇ ವಾಸಿ ಎಂದರು ಮಿಸ್ತ್ರಿ. ಆಮೇಲೆ ಚೌಕಟ್ಟಿನ ಹೊರಗೆ ಉಡಿಗೆಂದೇ ಒಂದು ಚೆಂದದ ಸ್ಟೀಲ್ ಬಟ್ಟಲು ಕೂಡಿಸಿ ಮಾಗಡಿ ಅಜ್ಜಿಯ ಮುಂದೆ ಒಯ್ದೆವು. ಅಜ್ಜಿ ಬಟ್ಟಲಿನ ಕಡೆ ನೋಡಲೂ ಇಲ್ಲ, ನೆಟ್ಟಗೆ ಪೆಟ್ಟಿಗೆಯ ಮುಚ್ಚಳ ಎತ್ತಿದರು.

“ಉಡೀನ ಉಡ್ಯಾಗ ಹಾಕ್ತಾರೋ, ಹೆಗಲ ಮ್ಯಾಲ ಇಡ್ತಾರೋ? ಮತ್ತ ಉಡಿಯ ಅಕ್ಕಿ ಬೀಜದ ಸಂಗಾಟ ಭೂಮಿತಾಯಿಗೆ ಹೋಗಬೇಕು.”

ಇದಕ್ಕಿಂತ ಸ್ಪಷ್ಟವಾಗಿ ಯಾವ ಗಿರಾಕಿಯೂ ನನಗೆ ತನ್ನ ಅಗತ್ಯ ಹೇಳಿಲ್ಲ. ಬಟ್ಟಲು ಪೆಟ್ಟಿಗೆಯ ಒಳಗೇ ಇರಬೇಕು, ನಡುವೆಯೇ ಇರಬೇಕು, ಅಕ್ಕಿ ಕೆಳಗಿಳಿಯಬೇಕು, ಉಳಿದದ್ದು ಇಳಿಯಬಾರದು. ವಾಪಸು ಬಂದು ಮಿಸ್ತ್ರಿ, ನಾನು ಸೇರಿ ಒಂದು ಬುಟ್ಟಿ ಮಾಡಿದೆವು. ತಳದಲ್ಲಿ ಅಕ್ಕಿ ಜಾರುವಷ್ಟೇ ದುಂಡನೆ ತೂತು. ಸೀಳುಗಂಡಿ ಮಾಡೋಣ ಎಂದು ನಾನು ಹೇಳಿದ್ದೆ. “ಕೆಲವರು ಉಡ್ಯಾಗ ರೂಪಾಯಿ ಬಿಲ್ಲಿ ಹಾಕತಾರವಾ, ಅಡ್ಡ ನಿಂತು ಇಳದು ಹೊಕ್ಕೈತಿ” ಎಂದು ಮಿಸ್ತ್ರಿ ತಡೆದರು. ಬುಟ್ಟಿಗೆ ನಾಲ್ಕು ಕಾಲು ಕೊಟ್ಟೆವು, ಅದರ ಕೆಳಗೆ ಬೀಜ ಸಲೀಸಾಗಿ ಹರಿಯಲಿ ಎಂದು. ಮೂರು ಕಾಲು ದುಂಡಗೆ, ಒಂದು ಚಪ್ಪಟೆ, ತಿರುವಿ ಇಡಲು ಬಾರದ ಹಾಗೆ. ಬುಟ್ಟಿ ಒಳಗಿಲ್ಲದಿದ್ದರೆ ಮುಚ್ಚಳದ ಕೊಂಡಿ ಕೂರುವುದಿಲ್ಲ. ತೆಗೆದು ಮನೆಗೊಯ್ದವರು ಮತ್ತೆ ತಂದು ಇಡಲೇಬೇಕು.

ಯಾರಿಗೂ ಏನೂ ಹೇಳದೆ ಕೊಡುವುದು ನನ್ನ ಕೊನೆಯ ಪರೀಕ್ಷೆ. ಕಾರ್ಖಾನೆಗೆ ಚಹಾ ಮಾಡುವ ಅಕ್ಕ, ಅವಳ ಓಣಿಯ ನಾಲ್ವರು, ಒಬ್ಬೊಬ್ಬರಾಗಿ ಬಂದು ಉಡಿ ತುಂಬಿದರು. ಮುಚ್ಚಳ ಎತ್ತಿದ ಕೂಡಲೇ ಬುಟ್ಟಿಯೇ ಎದುರಿಗೆ ಬರುವುದರಿಂದ ಐವರ ಬೊಗಸೆಯೂ ಅಲ್ಲಿಗೇ ಹೋಯಿತು. ಒಬ್ಬಾಕೆ ಇಡೀ ತೆಂಗಿನಕಾಯಿ ಇಡಲು ನೋಡಿದಳು. ಮುಚ್ಚಳ ಹಾಕಲು ಬರಲಿಲ್ಲ, ತಾನೇ ತೆಗೆದು ಒಡೆದು ನಮಗೆಲ್ಲ ಹಂಚಿದಳು. ಅಂದು ಚುರುಮುರಿ ಗಿರಮಿಟ್ಟಿಗೆ ಹಸಿ ಕೊಬ್ಬರಿಯೂ ಸಿಕ್ಕಿತು.

ಕಡಲೆ ಬಿತ್ತನೆಗೆ ಮೊದಲು ದೂರು ಬಂದ ಎಲ್ಲ ಊರಿಗೂ ಮಿಸ್ತ್ರಿಯವರೇ ಹೋಗಿ ಬುಟ್ಟಿ ಕೂಡಿಸಿ ಬಂದರು. ಹೋದಲ್ಲೆಲ್ಲ ಪಿನ್ನಿನ ಮೇಲೆ ಒಮ್ಮೆ ಸುತ್ತಿಗೆ ತಟ್ಟಿ ಸಪ್ಪಳ ಕೇಳುತ್ತಿದ್ದರಂತೆ. ಎಲ್ಲರೂ ಮತ್ತೆ ಉಡಿ ತುಂಬಿ ಬಿತ್ತಿದರು. ಎಂಟು ದಿನ ನಾನು ಫೋನು ಬಂದಾಗಲೆಲ್ಲ ಬೆಚ್ಚಿದೆ. ಒಂಬತ್ತನೇ ದಿನ ಮಾಲಕರು ತಾವೇ ಗಾಡಿ ತೆಗೆದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಸಿಂಗಟಾಲೂರಿನ ದಾರಿಯಲ್ಲಿದ್ದ ಮುಂಡರಗಿಯವನ ಹೊಲಕ್ಕೆ ಹೊರಟರು. ಬೈತಲೆ ತೆಗೆಸಿಕೊಂಡ ಹೊಲ ಅದೇ.

ಕರಿಮಣ್ಣಿನ ಮೇಲೆ ಕಡಲೆ ಎರಡೆರಡು ಎಲೆ ಬಿಟ್ಟು ನಿಂತಿತ್ತು. ಮಾಲಕರು ರಸ್ತೆಯ ಮೇಲೇ ನಿಂತು ಎಣಿಸಿದರು, ಏಳು. ಮತ್ತೆ ಏಳು. ಮಿಸ್ತ್ರಿ ಚಪ್ಪಲಿ ಬಿಟ್ಟು ಹೊಲಕ್ಕಿಳಿದು, ನಾಲ್ಕನೇ ಸಾಲಿನ ಪಕ್ಕಕ್ಕೆ ಹೆಜ್ಜೆ ಇಡುತ್ತ ತಲೆ ತಗ್ಗಿಸಿಕೊಂಡು ನಡೆದರು. ಎಲ್ಲೂ ನಿಲ್ಲಲಿಲ್ಲ, ನಿಲ್ಲುವಂಥ ಬಯಲು ಎಲ್ಲೂ ಸಿಗಲಿಲ್ಲ.

ರಸ್ತೆಯಲ್ಲಿ ಹೋಗುತ್ತಿದ್ದ ಪಕ್ಕದ ಹೊಲದವನೊಬ್ಬ ಬೈಕು ನಿಲ್ಲಿಸಿ ಕೂಗಿ ಕೇಳಿದ. “ಈ ಸಲ ಚೊಲೋ ಎದ್ದೈತಲ್ಲೋ. ಈ ಕೂರಿಗಿ ಜೋಡಿಸಿದವರು ಯಾರು?”

ರೈತ ಮಾಲಕರ ಕಡೆ ನೋಡಿದ. ಮಾಲಕರು ಹೊಲದೊಳಗೆ ದೂರ ಹೋಗಿದ್ದ ಮಿಸ್ತ್ರಿಯವರ ಕಡೆ ಕೈ ತೋರಿಸಿದರು. ಮಿಸ್ತ್ರಿ ಅಲ್ಲಿಂದಲೇ ತಿರುಗಿ ನಿಂತು, ಬಲಗೈಯನ್ನು ಮೇಲೆತ್ತಿ, ನಮಗೆಲ್ಲ ಕೇಳುವ ಹಾಗೆ ಹೇಳಿದರು.

“ನಾ ಜೋಡಿಸೀನಿ.”

ಊಟಕ್ಕೆ ಹೊತ್ತಾಯಿತು ಬನ್ನಿ ಎಂದು ಮಾಲಕರು ಎರಡು ಸಲ ಕರೆದರು. ಇನ್ನೊಂದು ತುದೀನೂ ನೋಡಿ ಬರ್ತೀನಿ ಎಂದು ಮಿಸ್ತ್ರಿ ಮುಂದೆ ನಡೆದರು.